ಏಣಿ ಒಂದೇ, ಮೆಟ್ಟಿಲು ಬೇರೆ ಬೇರೆ

ಬಜಪೆಯ ಯಾವುದಾದರೊಂದು ಶಾಲೆಯ ಮೊದಲ ದಿನವನ್ನು ನೆನೆದುಕೊಳ್ಳಿ. ಒಂದು ಮಗು ಮನೆಗೆ ‘ಪೊರೆ’ ಎನ್ನುತ್ತದೆ, ಪಕ್ಕದ ಮಗು ‘ಇಲ್ಲ್’ ಎನ್ನುತ್ತದೆ, ಇನ್ನೊಂದು ‘ಘರ್’ ಎನ್ನುತ್ತದೆ. ಕರಿಹಲಗೆಯ ಮೇಲೆ ಮಾತ್ರ ‘ಮನೆ’ ಎಂದೋ ‘ಹೌಸ್’ ಎಂದೋ ಇರುತ್ತದೆ. ಬ್ಯಾರಿ, ತುಳು, ಕೊಂಕಣಿ ಮನೆಮಾತಿನ ಈ ಮಕ್ಕಳು ಒಂದೇ ಬೆಂಚಿನಲ್ಲಿ ಕುಳಿತಿದ್ದರೂ ಒಂದೇ ಕಡೆಯಿಂದ ಹೊರಟವರಲ್ಲ. ಎಲ್ಲರಿಗೂ ಒಂದೇ ಪುಟದಿಂದ ಪಾಠ ಆರಂಭಿಸಿದರೆ ಕೆಲವರು ಮೊದಲ ವಾರದಲ್ಲೇ ಹಿಂದುಳಿಯುತ್ತಾರೆ. ಪ್ರತಿ ಮಗುವಿಗೂ ಅದರ ಮಟ್ಟಕ್ಕೆ ತಕ್ಕ ಪಾಠ ಕೊಡಲು ಯಂತ್ರ ನೆರವಾದೀತೇ? ಈ ಪ್ರಶ್ನೆ ಹೊಸದಲ್ಲ. ಇದಕ್ಕೆ ಉತ್ತರ ಹುಡುಕಿದವರಲ್ಲಿ ನಮ್ಮ ರಾಜ್ಯದ ಸರ್ಕಾರಿ ಶಾಲೆಯ ಶಿಕ್ಷಕರೂ ಇದ್ದಾರೆ.

1953ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಬಿ. ಎಫ್. ಸ್ಕಿನ್ನರ್ ತಮ್ಮ ಮಗಳ ಗಣಿತ ತರಗತಿಯನ್ನು ನೋಡಲು ಹೋಗಿದ್ದರು. ಅಲ್ಲಿ ಅವರಿಗೆ ಎರಡು ಕೊರತೆಗಳು ಕಂಡವು. ಎಲ್ಲ ಮಕ್ಕಳೂ ಒಂದೇ ವೇಗದಲ್ಲಿ ಸಾಗಬೇಕಿತ್ತು. ಜೊತೆಗೆ, ತಾವು ಮಾಡಿದ ಲೆಕ್ಕ ಸರಿಯೋ ತಪ್ಪೋ ಎಂಬುದು ಮಕ್ಕಳಿಗೆ ಕೂಡಲೇ ತಿಳಿಯುತ್ತಿರಲಿಲ್ಲ. ಇದಕ್ಕೆ ಪರಿಹಾರವಾಗಿ ಅವರು ಕಲಿಕಾ ಯಂತ್ರವೊಂದನ್ನು ರೂಪಿಸಿದರು. ಮಗು ತನ್ನ ವೇಗದಲ್ಲಿ ಒಂದೊಂದೇ ಪ್ರಶ್ನೆಗೆ ಉತ್ತರಿಸಿ, ಆ ಕ್ಷಣವೇ ಸರಿತಪ್ಪನ್ನು ತಿಳಿದು ಮುಂದೆ ಸಾಗುವುದು ಅದರ ಕ್ರಮ.

ಆದರೆ ಭಾರತದಲ್ಲಿ ತಂತ್ರಜ್ಞಾನವು ಶಾಲೆಗೆ ಬಂದದ್ದು ಬೇರೆ ದಾರಿಯಲ್ಲಿ. 1975ರ ಆಗಸ್ಟ್‌ನಿಂದ 1976ರ ಜುಲೈವರೆಗೆ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಉಪಗ್ರಹದ ಮೂಲಕ ಟೆಲಿವಿಷನ್ ಪಾಠಗಳು ತಲುಪಿದವು. ‘ಸೈಟ್’ ಎಂಬ ಆ ಪ್ರಯೋಗದಲ್ಲಿ ಕರ್ನಾಟಕವೂ ಸೇರಿತ್ತು. 2004ರ ಸೆಪ್ಟೆಂಬರ್ 20ರಂದು ಶಿಕ್ಷಣಕ್ಕೆಂದೇ ಎಜುಸ್ಯಾಟ್ ಉಪಗ್ರಹ ಹಾರಿತು; ಚಾಮರಾಜನಗರ ಜಿಲ್ಲೆಯ ಪ್ರಾಥಮಿಕ ಶಾಲೆಗಳು ಅದರ ಪಾಠಗಳನ್ನು ಪಡೆದವು. ಶಿಕ್ಷಕರ ಕೊರತೆಯಿದ್ದ ಹಳ್ಳಿಗಳಿಗೆ ಇವು ಉಪಕಾರಿಯೇ. ಆದರೂ ಆಕಾಶದಿಂದ ಬಂದ ಪಾಠ ಎಲ್ಲರಿಗೂ ಒಂದೇ ಆಗಿತ್ತು. ಹಿಂದಿನ ಬೆಂಚಿನ ಮಗುವಿಗೆ ಅರ್ಥವಾಯಿತೇ ಎಂದು ಉಪಗ್ರಹ ಕೇಳುವುದಿಲ್ಲ.

ಅದನ್ನು ಕೇಳಿದ್ದು ರಟ್ಟಿನ ಕಾರ್ಡುಗಳು! 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲೂಕಿನ ಸರ್ಕಾರಿ ಶಾಲೆಯ ಶಿಕ್ಷಕರು ಆಂಧ್ರದ ಮದನಪಲ್ಲಿ ಬಳಿಯ ಋಷಿ ವ್ಯಾಲಿಯ ಗ್ರಾಮೀಣ ಶಾಲೆಗಳನ್ನು ನೋಡಿ ಬಂದು, ಯುನಿಸೆಫ್ ನೆರವಿನಿಂದ ‘ನಲಿಕಲಿ’ಯನ್ನು ಆರಂಭಿಸಿದರು. ಪಠ್ಯವನ್ನು ಸಣ್ಣ ಸಣ್ಣ ಮೆಟ್ಟಿಲುಗಳಾಗಿ ಒಡೆದು ಕಲಿಕಾ ಏಣಿಯನ್ನು ಮಾಡಿದರು. ಮಗು ತಾನಿರುವ ಮೆಟ್ಟಿಲಿನ ಕಾರ್ಡನ್ನು ಎತ್ತಿಕೊಳ್ಳುತ್ತದೆ. ಕೆಲವರು ಶಿಕ್ಷಕರ ಜೊತೆ, ಕೆಲವರು ಗೆಳೆಯರ ಜೊತೆ, ಕೆಲವರು ತಾವಾಗಿಯೇ ಕಲಿಯುತ್ತಾರೆ. ಹತ್ತು ದಿನ ಜ್ವರದಿಂದ ಮಲಗಿದ ಮಗು ಬಿಟ್ಟಲ್ಲಿಂದಲೇ ಮುಂದುವರಿಯಬಹುದು. 2009-10ರಿಂದ ಈ ಪದ್ಧತಿ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಿಗೆ ವಿಸ್ತರಿಸಿತು. ಆದರೆ ಅದು ಇರುವುದು ಮೂರನೇ ತರಗತಿಯವರೆಗೆ ಮಾತ್ರ. ನಾಲ್ಕನೇ ತರಗತಿಗೆ ಬಂದೊಡನೆ ಏಣಿ ಹೋಗಿ, ಮತ್ತೆ ಎಲ್ಲರಿಗೂ ಒಂದೇ ಪುಟ.

ಇದೇ ಕಾಲದಲ್ಲಿ ಕಂಪ್ಯೂಟರ್‌ಗಳೂ ಬಂದವು. 2001ರ ‘ಮಾಹಿತಿ ಸಿಂಧು’ ಯೋಜನೆ ಸರ್ಕಾರಿ ಪ್ರೌಢಶಾಲೆಗಳಿಗೆ ಕಂಪ್ಯೂಟರ್ ಶಿಕ್ಷಣ ತಂದಿತು. ಅಜೀಂ ಪ್ರೇಮ್‌ಜಿ ಪ್ರತಿಷ್ಠಾನವು ಪ್ರಾಥಮಿಕ ಶಾಲೆಗಳಿಗಾಗಿ ಕಲಿಕಾ ಸಿ.ಡಿ.ಗಳನ್ನು ಸಿದ್ಧಪಡಿಸಿತು. ಕೆಲವು ವರ್ಷಗಳ ಅನುಭವದ ಬಳಿಕ ಆ ಪ್ರತಿಷ್ಠಾನದವರೇ ಯಂತ್ರದ ಮಿತಿಯನ್ನು ಒಪ್ಪಿಕೊಂಡು, ಶಿಕ್ಷಕರ ತರಬೇತಿಯತ್ತ ಹೆಚ್ಚು ಗಮನ ಹರಿಸಿದರು. ಇದು ಪ್ರಾಮಾಣಿಕ ಪಾಠವೇ ಸರಿ.

2020ರ ಕೊರೋನಾ ಕಾಲ ಇನ್ನೂ ಕಹಿಯಾದ ಪಾಠವನ್ನು ಕಲಿಸಿತು. ಶಾಲೆಗಳು ಮುಚ್ಚಿದ್ದಾಗ ‘ವಿದ್ಯಾಗಮ’ ಯೋಜನೆಯಲ್ಲಿ ಶಿಕ್ಷಕರು ವಠಾರಗಳಿಗೇ ಹೋಗಿ ಕಲಿಸಿದರು. ಅದಕ್ಕೆ ಮೊದಲು ಮಕ್ಕಳನ್ನು ವಿಂಗಡಿಸಬೇಕಾಗಿ ಬಂತು: ಇಂಟರ್ನೆಟ್ ಇರುವ ಫೋನು ಉಳ್ಳವರು, ಬರೇ ಫೋನು ಉಳ್ಳವರು, ಏನೂ ಇಲ್ಲದವರು. ಮಗು ಏನು ಬಲ್ಲದು ಎಂಬುದಕ್ಕಿಂತ ಮನೆಯಲ್ಲಿ ಏನಿದೆ ಎಂಬುದೇ ಮೊದಲ ಪ್ರಶ್ನೆಯಾಯಿತು. ಒಂದೇ ಫೋನಿಗೆ ಮೂವರು ಮಕ್ಕಳು ಕಾದ ಮನೆಗಳನ್ನು ನಾವೆಲ್ಲ ಕಂಡಿದ್ದೇವೆ.

ಹಾಗಾದರೆ ಯಂತ್ರದಿಂದ ಪ್ರಯೋಜನವಿಲ್ಲವೇ? ಇದೆ. 2015ರಲ್ಲಿ ದೆಹಲಿಯ ಸರ್ಕಾರಿ ಶಾಲಾ ಮಕ್ಕಳ ಮೇಲೆ ‘ಮೈಂಡ್‌ಸ್ಪಾರ್ಕ್’ ಎಂಬ ತಂತ್ರಾಂಶದ ಅಧ್ಯಯನ ನಡೆಯಿತು. ಆರನೇ ತರಗತಿಯಲ್ಲಿ ಕುಳಿತಿದ್ದರೂ ಹಲವರ ಗಣಿತ ಮೂರು-ನಾಲ್ಕನೇ ತರಗತಿಯ ಮಟ್ಟದಲ್ಲಿತ್ತು. ತಂತ್ರಾಂಶ ಅಲ್ಲಿಂದಲೇ ಆರಂಭಿಸಿತು. ನಿತ್ಯ 45 ನಿಮಿಷ ಕಂಪ್ಯೂಟರಿನ ಮುಂದೆ, ಇನ್ನು 45 ನಿಮಿಷ ಸಹಾಯಕ ಶಿಕ್ಷಕರೊಂದಿಗೆ ಸಣ್ಣ ಗುಂಪಿನಲ್ಲಿ. ನಾಲ್ಕೂವರೆ ತಿಂಗಳಲ್ಲಿ ಗಣಿತ, ಹಿಂದಿ ಎರಡರಲ್ಲೂ ಗಮನಾರ್ಹ ಪ್ರಗತಿ ಕಂಡಿತು. ಇಲ್ಲಿ ಯಂತ್ರ ಮಾಡಿದ ಕೆಲಸ ನಲಿಕಲಿಯ ಕಾರ್ಡು ಮಾಡಿದ ಕೆಲಸವೇ: ಮಗು ನಿಂತ ಮೆಟ್ಟಿಲನ್ನು ಗುರುತಿಸಿದ್ದು. ಪಕ್ಕದಲ್ಲಿ ಮನುಷ್ಯರೂ ಇದ್ದರು ಎಂಬುದನ್ನು ಮರೆಯಬಾರದು.

ಆದುದರಿಂದ ನಮ್ಮಂತಹ ಸಂಘಗಳು ಶಾಲೆಗೆ ಕಂಪ್ಯೂಟರ್ ಕೊಡುವಾಗ ಮೂರು ಪ್ರಶ್ನೆ ಕೇಳಿಕೊಳ್ಳುವುದು ಒಳ್ಳೆಯದು. ಇದು ಮಗುವಿನ ಮಟ್ಟವನ್ನು ಗುರುತಿಸುತ್ತದೆಯೇ? ಮಗುವಿಗೆ ತಿಳಿಯುವ ಭಾಷೆಯಲ್ಲಿದೆಯೇ? ಪಕ್ಕದಲ್ಲಿ ಕುಳಿತು ಹೇಳಿಕೊಡುವವರು ಇದ್ದಾರೆಯೇ? ಮೊದಲೆರಡಕ್ಕೆ ಹಣ ಬೇಕು. ಮೂರನೆಯದಕ್ಕೆ ಬೇಕಾದದ್ದು ಸಮಯ. ಕಾಲೇಜು ಓದುತ್ತಿರುವ ವಿದ್ಯಾರ್ಥಿ ಮಿತ್ರರೇ, ವಾರಕ್ಕೆ ಒಂದು ಗಂಟೆ ನಿಮ್ಮ ಬೀದಿಯ ಒಂದು ಮಗುವಿನ ಜೊತೆ ಕುಳಿತುಕೊಳ್ಳಿ. ‘ಎಷ್ಟನೇ ಕ್ಲಾಸು?’ ಎಂದು ಕೇಳುವ ಬದಲು, ‘ಎಲ್ಲಿ ತೊಡಕಾಯಿತು?’ ಎಂದು ಅದರ ಮನೆಮಾತಿನಲ್ಲೇ ಕೇಳಿ. ಪಾಠ ಅಲ್ಲಿಂದ ಆರಂಭವಾಗಲಿ.