ಆನ್‌ಲೈನ್ ಸಣ್ಣ ವ್ಯಾಪಾರ

ಬೀದಿಗೆ ಬಾಗಿಲು ತೆರೆದ ಅಂಗಡಿಯಿಲ್ಲದೆ, ಒಬ್ಬ ವ್ಯಕ್ತಿ ಅಥವಾ ಒಂದು ಕುಟುಂಬ ಅಂತರ್ಜಾಲದ ಮೂಲಕ ಆರ್ಡರ್ ಪಡೆದು, ಅಂಚೆ ಇಲ್ಲವೇ ಕೊರಿಯರ್‌ನಲ್ಲಿ ಸರಕು ಕಳಿಸಿ ನಡೆಸುವ ವ್ಯಾಪಾರ. ಉಪ್ಪಿನಕಾಯಿ, ಹಪ್ಪಳ, ಸೀರೆ, ಮರದ ಆಟಿಕೆ, ಪುಸ್ತಕ ಮುಂತಾದವು ಹೀಗೆ ಮಾರಾಟವಾಗುತ್ತವೆ. ಅಂಗಡಿಯ ಮುಂಗಡ, ಬಾಡಿಗೆ ಇಲ್ಲದಿರುವುದರಿಂದ ಆರಂಭಿಸುವುದು ಸುಲಭ. ಆದರೆ ಪ್ಯಾಕಿಂಗ್, ಸಾಗಣೆ, ಕಮಿಷನ್ ಮತ್ತು ವಾಪಸಾದ ಪಾರ್ಸೆಲ್‌ಗಳ ಖರ್ಚೇ ಲಾಭ-ನಷ್ಟವನ್ನು ತೀರ್ಮಾನಿಸುತ್ತದೆ.

ಹಿನ್ನೆಲೆ

ಸಚಿನ್ ಬನ್ಸಾಲ್ ಮತ್ತು ಬಿನ್ನಿ ಬನ್ಸಾಲ್ 2007ರಲ್ಲಿ ಬೆಂಗಳೂರಿನಲ್ಲಿ ಆರಂಭಿಸಿದ ಫ್ಲಿಪ್‌ಕಾರ್ಟ್ ಮೊದಲಿಗೆ ಪುಸ್ತಕಗಳನ್ನಷ್ಟೇ ಮಾರುತ್ತಿತ್ತು. 2010ರಲ್ಲಿ ಅದು ತಂದ ಕ್ಯಾಶ್ ಆನ್ ಡೆಲಿವರಿ, ಕಾರ್ಡ್ ಇಲ್ಲದವರನ್ನೂ ಗ್ರಾಹಕರನ್ನಾಗಿ ಮಾಡಿತು. 2015ರಲ್ಲಿ ಬೆಂಗಳೂರಿನಲ್ಲೇ ಹುಟ್ಟಿದ ಮೀಶೋ, ವಾಟ್ಸ್ಆ್ಯಪ್ ಗುಂಪುಗಳಲ್ಲಿ ಬಟ್ಟೆಯ ಚಿತ್ರ ಹಂಚಿ ಮಾರುವ ಗೃಹಿಣಿಯರಿಗೆ ವೇದಿಕೆಯಾಯಿತು. 2016ರಲ್ಲಿ ಬಂದ ಯುಪಿಐ, ಬೇರೆ ಯಂತ್ರದ ಹಂಗಿಲ್ಲದೆ ಮೊಬೈಲಿನಲ್ಲೇ ಹಣ ಪಡೆಯುವ ದಾರಿ ತೆರೆಯಿತು.

ಮಾರಾಟದ ದಾರಿಗಳು

ದೊಡ್ಡ ಮಾರುಕಟ್ಟೆ ತಾಣದಲ್ಲಿ ಸರಕು ಇಟ್ಟರೆ ಗ್ರಾಹಕರನ್ನು ಹುಡುಕುವ ಶ್ರಮ ಕಡಿಮೆ, ಕಮಿಷನ್ ಹೆಚ್ಚು. ವಾಟ್ಸ್ಆ್ಯಪ್, ಇನ್‌ಸ್ಟಾಗ್ರಾಂ ಮೂಲಕ ನೇರವಾಗಿ ಮಾರಿದರೆ ಕಮಿಷನ್ ಉಳಿಯುತ್ತದೆ. ಆದರೆ ನಂಬಿಕೆ ಗಳಿಸುವುದು, ವಿಚಾರಿಸಿದವರಿಗೆಲ್ಲ ಉತ್ತರಿಸುವುದು ಮಾರುವವರ ಪಾಲಿಗೇ ಬರುತ್ತದೆ. ಸ್ವಂತ ಜಾಲತಾಣ ಮಾಡಿಕೊಳ್ಳುವುದು ಮೂರನೆಯ ದಾರಿ. ಮೂರನ್ನೂ ಬೆರೆಸಿ ನಡೆಸುವವರೂ ಇದ್ದಾರೆ.

ನೋಂದಣಿ ಮತ್ತು ನಿಯಮಗಳು

2020ರ ಜುಲೈ 1ರಿಂದ ಜಾರಿಯಲ್ಲಿರುವ ಉದ್ಯಮ್ ನೋಂದಣಿಗೆ ಶುಲ್ಕವಿಲ್ಲ; ಆಧಾರ್ ಸಂಖ್ಯೆ ಬೇಕು. ಕರ್ನಾಟಕದಲ್ಲಿ ಸರಕು ಮಾರುವವರಿಗೆ ವಾರ್ಷಿಕ ವಹಿವಾಟು 40 ಲಕ್ಷ ರೂಪಾಯಿ, ಸೇವೆ ನೀಡುವವರಿಗೆ 20 ಲಕ್ಷ ರೂಪಾಯಿ ದಾಟಿದರೆ ಜಿಎಸ್‌ಟಿ ನೋಂದಣಿ ಬೇಕು. ಹೊರರಾಜ್ಯಕ್ಕೆ ಸರಕು ಮಾರುವವರಿಗೆ ಸಾಮಾನ್ಯವಾಗಿ ಈ ಮಿತಿಯ ರಿಯಾಯಿತಿ ಸಿಗದು. ಗೊತ್ತುಪಡಿಸಿದ ಕರಕುಶಲ ವಸ್ತುಗಳು ಇದಕ್ಕೆ ಹೊರತು. ಮಿತಿಯೊಳಗಿನ ಸಣ್ಣ ವರ್ತಕರು ಜಿಎಸ್‌ಟಿ ನೋಂದಣಿಯಿಲ್ಲದೆ ಮಾರುಕಟ್ಟೆ ತಾಣಗಳ ಮೂಲಕ ತಮ್ಮ ರಾಜ್ಯದೊಳಗೆ ಮಾರಲು 2023ರ ಅಕ್ಟೋಬರ್ 1ರಿಂದ ಅವಕಾಶವಿದೆ.

ತಿನಿಸು ಮಾರುವವರು ಮನೆಯ ಅಡುಗೆಮನೆಯಲ್ಲೇ ತಯಾರಿಸಿದರೂ ಆಹಾರ ಸುರಕ್ಷತಾ ಪ್ರಾಧಿಕಾರದ ನೋಂದಣಿ ಪಡೆದು, 14 ಅಂಕಿಗಳ ಸಂಖ್ಯೆಯನ್ನು ಪೊಟ್ಟಣದ ಮೇಲೆ ಮುದ್ರಿಸಬೇಕು. ಆಟಿಕೆಗಳಿಗೆ 2021ರ ಜನವರಿ 1ರಿಂದ ಐಎಸ್‌ಐ ಗುರುತು ಕಡ್ಡಾಯ. ಕರಕುಶಲ ಅಭಿವೃದ್ಧಿ ಆಯುಕ್ತರಲ್ಲಿ ನೋಂದಾಯಿಸಿಕೊಂಡ ಕುಶಲಕರ್ಮಿಗಳಿಗೂ, ಭೌಗೋಳಿಕ ಸೂಚಿ ಇರುವ ಆಟಿಕೆಗಳ ಅಧಿಕೃತ ಬಳಕೆದಾರರಿಗೂ ಇದರಿಂದ ವಿನಾಯಿತಿ ಇದೆ. ಮರದ ಆಟಿಕೆ ಮಾಡುವ ಚನ್ನಪಟ್ಟಣದ ಕುಶಲಕರ್ಮಿಗಳಿಗೆ ಈ ವಿನಾಯಿತಿ ಮುಖ್ಯ.

ಬೆಲೆ ಮತ್ತು ಸಾಗಣೆ

ಆಲೆ ಮರ ಕಡೆದು ಅರಗಿನ ಬಣ್ಣ ಹಚ್ಚಿದ ಚನ್ನಪಟ್ಟಣದ ಆಟಿಕೆಯೊಂದು 600 ಗ್ರಾಂ ತೂಗುತ್ತದೆ ಎಂದುಕೊಳ್ಳೋಣ. ಅದನ್ನು 30 ಸೆಂ.ಮೀ. ಉದ್ದ, 20 ಅಗಲ, 15 ಎತ್ತರದ ರಟ್ಟಿನ ಪೆಟ್ಟಿಗೆಯಲ್ಲಿಟ್ಟರೆ ಹಲವು ಕೊರಿಯರ್‌ಗಳು ಉದ್ದ, ಅಗಲ, ಎತ್ತರಗಳನ್ನು ಗುಣಿಸಿ 5000ದಿಂದ ಭಾಗಿಸುತ್ತವೆ. ಬರುವ ಲೆಕ್ಕ 1.8 ಕೆ.ಜಿ. ನಿಜವಾದ ತೂಕ, ಗಾತ್ರದ ತೂಕ ಇವೆರಡರಲ್ಲಿ ಹೆಚ್ಚಿನದಕ್ಕೆ ದರ ಕಟ್ಟುವುದರಿಂದ, ಆಟಿಕೆಯ ಸುತ್ತಲಿನ ಗಾಳಿಗೂ ದುಡ್ಡು ತೆತ್ತಂತೆ. ಆದ್ದರಿಂದ ಅನುಭವಸ್ಥರು ಸರಕಿನ ಬೆಲೆ ನಿಗದಿ ಮಾಡುವ ಮುನ್ನವೇ ಪೆಟ್ಟಿಗೆಯ ಅಳತೆ ಗೊತ್ತುಮಾಡಿಕೊಳ್ಳುತ್ತಾರೆ.

ವಾಪಸಾತಿಯದು ಇನ್ನೊಂದು ಪೆಟ್ಟು. ಒಂದು ಪಾರ್ಸೆಲ್‌ಗೆ 80 ರೂಪಾಯಿ ಲಾಭ, ಒಂದು ಬದಿಯ ಸಾಗಣೆಗೆ 70 ರೂಪಾಯಿ ಎಂದಿಟ್ಟುಕೊಂಡರೆ, ಹತ್ತೂ ತಲುಪಿದಾಗ 800 ರೂಪಾಯಿ ಉಳಿಯುತ್ತದೆ. ಎರಡು ಮರಳಿ ಬಂದರೆ ಎಂಟರ ಲಾಭವಾದ 640ರಲ್ಲಿ, ಹೋಗಿ ಬಂದ ಸಾಗಣೆಯ 280 ಕಳೆದು ಕೈಗೆ ಸಿಗುವುದು 360 ಮಾತ್ರ. ಬಾಗಿಲಲ್ಲಿ ಹಣ ಕೊಡುವ ಆರ್ಡರ್‌ಗಳನ್ನು ಕಳಿಸುವ ಮೊದಲು ಫೋನ್ ಮಾಡಿ ಖಚಿತಪಡಿಸಿಕೊಳ್ಳುವುದು ಈ ಕಾರಣಕ್ಕೇ.

ಗ್ರಾಹಕರ ದೂರು

2020ರ ಗ್ರಾಹಕ ಸಂರಕ್ಷಣಾ (ಇ-ಕಾಮರ್ಸ್) ನಿಯಮಗಳ ಪ್ರಕಾರ ದೂರು ಬಂದ 48 ಗಂಟೆಯೊಳಗೆ ಸ್ವೀಕೃತಿ ತಿಳಿಸಿ, ಒಂದು ತಿಂಗಳೊಳಗೆ ಪರಿಹರಿಸಬೇಕು. ಒಡೆದ, ದೋಷವಿರುವ ಅಥವಾ ಚಿತ್ರಕ್ಕೆ ಹೊಂದದ ಸರಕನ್ನು ವಾಪಸು ಪಡೆಯಲು ಮಾರುವವರು ನಿರಾಕರಿಸುವಂತಿಲ್ಲ.

ಲೆಕ್ಕಪತ್ರ

2025ರ ಜುಲೈನಲ್ಲಿ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ವಹಿವಾಟಿನ ಮಾಹಿತಿ ಆಧರಿಸಿ ಸಣ್ಣ ವರ್ತಕರಿಗೆ ನೋಟಿಸ್ ನೀಡಿದಾಗ, ಬೆಂಗಳೂರಿನ ಕೆಲವು ಅಂಗಡಿಗಳಲ್ಲಿ ಕ್ಯೂಆರ್ ಕೋಡ್ ಹೋಗಿ ನಗದು ಮಾತ್ರ ಎಂಬ ಫಲಕ ಬಂತು. ಇಂಥ ನೋಟಿಸ್ ಬಂದಾಗ, ಮನೆಮಂದಿ, ಸ್ನೇಹಿತರು ಕಳಿಸಿದ ಹಣವೂ ವ್ಯಾಪಾರದ ಹಣವೂ ಒಂದೇ ಖಾತೆಯಲ್ಲಿ ಬೆರೆತಿದ್ದರೆ ಯಾವುದು ಯಾವುದೆಂದು ತೋರಿಸುವುದು ಕಷ್ಟ. ಆನ್‌ಲೈನ್‌ನಲ್ಲಿ ಮಾರುವವರಿಗೆ ಫಲಕ ತೂಗುಹಾಕಿ ನಗದಿಗೆ ಮರಳುವ ದಾರಿಯೂ ಇಲ್ಲ. ವ್ಯಾಪಾರಕ್ಕೆಂದೇ ಬೇರೆ ಬ್ಯಾಂಕ್ ಖಾತೆ, ಪ್ರತಿ ಆರ್ಡರ್‌ಗೂ ಬಿಲ್, ವಾಪಸಾದ ಪಾರ್ಸೆಲ್‌ಗೂ ಪುಸ್ತಕದಲ್ಲಿ ಒಂದು ಸಾಲು ಇದ್ದರೆ ತೆರಿಗೆಯ ಲೆಕ್ಕವೂ ಲಾಭದ ಲೆಕ್ಕವೂ ಒಂದೇ ಕಡೆ ಸಿಗುತ್ತದೆ.