ನೆತ್ತರಿನ ಸಾಕ್ಷಿ

ಮನೆಯ ಹಿರಿಯರ ರಕ್ತಪರೀಕ್ಷೆಯ ಚೀಟಿಯಲ್ಲಿ ‘ಕ್ರಿಯಾಟಿನಿನ್’ ಎಂಬ ಹೆಸರನ್ನು ನೀವು ಕಂಡಿರಬಹುದು. ಅದರ ಎದುರಿನ ಅಂಕಿ ಮೇರೆಯೊಳಗಿದ್ದರೆ ಎಲ್ಲರಿಗೂ ಸಮಾಧಾನ. ಆ ಸಮಾಧಾನ ಎಷ್ಟರಮಟ್ಟಿಗೆ ಸಲ್ಲುತ್ತದೆ ಎಂಬುದನ್ನು ತಿಳಿಯಬೇಕಾದರೆ ಇನ್ನೂರು ವರ್ಷಗಳ ಕಥೆಯನ್ನು ಒಮ್ಮೆ ತಿರುವಿಹಾಕಬೇಕು.

ಮೂತ್ರಪಿಂಡಗಳು ಸದ್ದಿಲ್ಲದೆ ದುಡಿಯುವ ಅಂಗಗಳು. ಸೊರಗುವಾಗಲೂ ಅವು ಬಹುಕಾಲ ಸದ್ದುಮಾಡುವುದಿಲ್ಲ. ಆದಕಾರಣ ವೈದ್ಯರು ಬೇರೆ ಕಡೆಯ ಸಾಕ್ಷಿಯನ್ನು ಹುಡುಕಬೇಕಾಯಿತು. 1821ರಲ್ಲಿ ಜಿನೀವಾದಲ್ಲಿ ಪ್ರೆವೋ ಮತ್ತು ಡ್ಯೂಮಾ ಎಂಬ ವಿಜ್ಞಾನಿಗಳು ಪ್ರಾಣಿಗಳ ಮೂತ್ರಪಿಂಡಗಳನ್ನು ತೆಗೆದುಹಾಕಿ, ಆ ಮೇಲೆ ಅವುಗಳ ರಕ್ತದಲ್ಲಿ ಯೂರಿಯಾ ಶೇಖರವಾಗುವುದನ್ನು ತೋರಿಸಿದರು. ಯೂರಿಯಾ ಹುಟ್ಟುವುದು ಬೇರೆಡೆ, ಮೂತ್ರಪಿಂಡದ ಕೆಲಸ ಅದನ್ನು ಹೊರಹಾಕುವುದು ಎಂದು ಇದರಿಂದ ಗೊತ್ತಾಯಿತು. 1827ರಲ್ಲಿ ಲಂಡನ್ನಿನ ಗೈ ಆಸ್ಪತ್ರೆಯ ರಿಚರ್ಡ್ ಬ್ರೈಟ್, ಮೈ ಊದಿದ ರೋಗಿಗಳ ಮೂತ್ರವನ್ನು ಕಾಯಿಸಿದಾಗ ಅದು ಹೆಪ್ಪುಗಟ್ಟುವುದಕ್ಕೂ, ಸತ್ತ ಮೇಲೆ ಅವರ ಮೂತ್ರಪಿಂಡಗಳು ಕೆಟ್ಟಿರುವುದಕ್ಕೂ ಇರುವ ಸಂಬಂಧವನ್ನು ವಿವರಿಸಿದನು.

ಯೂರಿಯಾ ಪೂರ್ತಿ ನಂಬತಕ್ಕ ಸಾಕ್ಷಿಯಲ್ಲ. ಉಂಡ ಊಟಕ್ಕೆ ತಕ್ಕಂತೆ ಅದು ಏರಿಳಿಯುತ್ತದೆ. ಕ್ರಿಯಾಟಿನಿನ್ ಹಾಗಲ್ಲ. ಅದು ಸ್ನಾಯುಗಳಲ್ಲಿ ದಿನವೂ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ಹುಟ್ಟುವ ಕಸ. 1886ರಲ್ಲಿ ಮಾಕ್ಸ್ ಯಾಫೆ ಎಂಬ ಜರ್ಮನ್ ವಿದ್ವಾಂಸನು, ಕ್ಷಾರದಲ್ಲಿ ಪಿಕ್ರಿಕ್ ಆಮ್ಲದೊಡನೆ ಬೆರೆತಾಗ ಅದು ಕಿತ್ತಳೆಗೆಂಪು ಬಣ್ಣ ತಾಳುವುದನ್ನು ಕಂಡನು. ಅದೇ ಬಣ್ಣದ ಪರೀಕ್ಷೆ ಇಂದಿಗೂ ಅನೇಕ ಪ್ರಯೋಗಶಾಲೆಗಳಲ್ಲಿ ನಡೆಯುತ್ತಿದೆ.

ಇನ್ನು ಮುಪ್ಪಿನ ಮಾತು. ಅಮೆರಿಕದ ಬಾಲ್ಟಿಮೋರ್ ನಗರದಲ್ಲಿ ಡೇವಿಸ್ ಮತ್ತು ನೇಥನ್ ಶಾಕ್ ಎಂಬವರು ಬೇರೆ ಬೇರೆ ವಯಸ್ಸಿನ ಗಂಡಸರನ್ನು ಪರೀಕ್ಷಿಸಿ 1950ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಇಪ್ಪತ್ತರ ಹರೆಯದವರಿಗೆ ಹೋಲಿಸಿದರೆ ಎಂಬತ್ತು ದಾಟಿದವರ ಮೂತ್ರಪಿಂಡಗಳು ರಕ್ತ ಸೋಸುವ ವೇಗ ಸುಮಾರು ಅರ್ಧಕ್ಕೆ ಇಳಿದಿತ್ತು. ಆದರೆ ಇಲ್ಲೊಂದು ತೊಡಕುಂಟು. ವಯಸ್ಸಾದಂತೆ ಮೈಯ ಸ್ನಾಯುಗಳೂ ಕರಗುತ್ತವೆ. ಕಸ ಹುಟ್ಟುವುದೇ ಕಡಿಮೆಯಾಗುತ್ತದೆ. ಸೋಸುವ ಶಕ್ತಿ ಕುಗ್ಗಿದರೂ ರಕ್ತದಲ್ಲಿನ ಅಂಕಿ ಏರದೆ ನಿಂತುಬಿಡುತ್ತದೆ!

1976ರಲ್ಲಿ ಕಾಕ್‌ಕ್ರಾಫ್ಟ್ ಮತ್ತು ಗಾಲ್ಟ್ ಎಂಬ ವೈದ್ಯರು ಇದಕ್ಕೊಂದು ಲೆಕ್ಕ ಕೊಟ್ಟರು. ಗಂಡಸರಿಗಾದರೆ, 140ರಿಂದ ವಯಸ್ಸನ್ನು ಕಳೆದು, ಕಿಲೋಗ್ರಾಂ ತೂಕದಿಂದ ಗುಣಿಸಿ, 72ರಿಂದಲೂ ಕ್ರಿಯಾಟಿನಿನ್ನಿನ ಅಂಕಿಯಿಂದಲೂ ಭಾಗಿಸಬೇಕು. ನೀವೇ ಮಾಡಿ ನೋಡಿ. ಅಂಕಿ ಇಬ್ಬರಿಗೂ 1 ಮಿಲಿಗ್ರಾಂ ಎನ್ನೋಣ. 72 ಕಿಲೋ ತೂಗುವ ನಲವತ್ತರ ಮಗನಿಗೆ ನಿಮಿಷಕ್ಕೆ 100 ಮಿಲಿಲೀಟರ್. 54 ಕಿಲೋ ತೂಗುವ ಎಂಬತ್ತರ ತಂದೆಗೆ 45 ಮಾತ್ರ. ಚೀಟಿಯ ಅಂಕಿ ಒಂದೇ, ಮೂತ್ರಪಿಂಡದ ಬಲ ಒಂದಲ್ಲ. ಮಗನಿಗೆ ಹಿಡಿಸುವ ಔಷಧದ ಪ್ರಮಾಣ ತಂದೆಗೆ ವಿಷವಾಗಬಹುದು.

1985ರ ಹೊತ್ತಿಗೆ ಸ್ವೀಡನ್ನಿನ ಸಂಶೋಧಕರು ಸಿಸ್ಟಾಟಿನ್-ಸಿ ಎಂಬ ಇನ್ನೊಂದು ಸಾಕ್ಷಿಯನ್ನು ಮುಂದಿಟ್ಟರು. ಇದು ದೇಹದ ಬಹುಪಾಲು ಕೋಶಗಳಲ್ಲಿ ಹುಟ್ಟುವ ಪ್ರೋಟೀನು. ಸ್ನಾಯುಗಳ ಹಂಗು ಇದಕ್ಕೆ ಕಡಿಮೆ. ಆದರೂ ಥೈರಾಯ್ಡ್ ದೋಷ, ಉರಿಯೂತ, ಧೂಮಪಾನಗಳು ಇದರ ಮಾತನ್ನೂ ಕೆಡಿಸಬಲ್ಲವು. ಎರಡು ಸಾಕ್ಷಿಗಳನ್ನು ಕೂಡಿಸಿ ನೋಡಿದರೆ ತೀರ್ಪು ಹೆಚ್ಚು ಸರಿಯಾಗಿರುತ್ತದೆ.

ಹಾಗೆಂದು ಮುಪ್ಪೆಂದರೆ ಮೂತ್ರಪಿಂಡದ ಸೋಲು ಎಂದು ತಿಳಿಯಬೇಕಾಗಿಲ್ಲ. ಅದೇ ಬಾಲ್ಟಿಮೋರಿನಲ್ಲಿ ಒಬ್ಬೊಬ್ಬರನ್ನೇ ವರ್ಷಗಟ್ಟಲೆ ಹಿಂಬಾಲಿಸಿ ನೋಡಿದ ಅಧ್ಯಯನ 1985ರಲ್ಲಿ ಹೊರಬಂತು. ಅದರಲ್ಲಿದ್ದ ಆರೋಗ್ಯವಂತರ ಪೈಕಿ ಮೂರರಲ್ಲೊಂದು ಪಾಲು ಜನರಿಗೆ ಇಳಿತವೇ ಕಾಣಲಿಲ್ಲ. ಆದುದರಿಂದ ವಯಸ್ಸನ್ನಷ್ಟೇ ನೋಡಿ ಎದೆಗುಂದುವುದೂ ತರವಲ್ಲ, ಒಂದು ಅಂಕಿಯನ್ನು ನಂಬಿ ಮೈಮರೆಯುವುದೂ ತರವಲ್ಲ. ಹಳೆಯ ಚೀಟಿಗಳನ್ನು ಜೋಪಾನವಾಗಿಡಿ. ರಕ್ತದೊತ್ತಡ, ಸಕ್ಕರೆಗಳ ಮೇಲೆ ಕಣ್ಣಿಡಿ. ಹಿರಿಯರಿಗೆ ನೋವಿನ ಗುಳಿಗೆ ಕೊಡುವ ಮುನ್ನ ವೈದ್ಯರನ್ನು ಕೇಳಿ. ನೆತ್ತರು ಸಾಕ್ಷಿ ಹೇಳುತ್ತದೆ, ನಿಜ. ಆದರೆ ಅದು ಯಾರ ನೆತ್ತರು ಎಂಬುದನ್ನು ಮೊದಲು ನೋಡಬೇಕು.