ರೆಗೇ ಸಂಗೀತವೂ ಬೋಳುತಲೆಯ ತರುಣರೂ

‘ಸ್ಕಿನ್‌ಹೆಡ್’ ಎಂಬ ಹೆಸರನ್ನು ಕೇಳಿದೊಡನೆ ವರ್ಣದ್ವೇಷವೇ ಮೂರ್ತಿವೆತ್ತಂತೆ ಭಾಸವಾಗುವುದು ಸಹಜ. ಆದರೆ ಇಂಗ್ಲೆಂಡಿನ ಈ ಬೋಳುತಲೆಯ ತರುಣರು ಮೊತ್ತಮೊದಲು ಮನಸೋತದ್ದು ಕಪ್ಪು ಜನರ ಸಂಗೀತಕ್ಕೆ.

1948ರಲ್ಲಿ ‘ಎಂಪೈರ್ ವಿಂಡ್‌ರಷ್’ ಹಡಗು ಟಿಲ್‌ಬರಿ ಬಂದರನ್ನು ಸೇರಿದ ಬಳಿಕ ಜಮೇಕದವರು ದುಡಿಮೆಯನ್ನರಸಿ ಹೆಚ್ಚು ಹೆಚ್ಚಾಗಿ ಇಂಗ್ಲೆಂಡಿಗೆ ಬರತೊಡಗಿದರು. ಲಂಡನ್ನಿನ ಬ್ರಿಕ್ಸ್‌ಟನ್ ಮೊದಲಾದ ಕೇರಿಗಳಲ್ಲಿ ಅವರ ಮಕ್ಕಳೂ ಬಿಳಿಯ ಕೂಲಿಕಾರರ ಮಕ್ಕಳೂ ಒಂದೇ ಬೀದಿಯಲ್ಲಿ ಬೆಳೆದರು. ಒಂದೇ ನೃತ್ಯಶಾಲೆಯಲ್ಲಿ ಕುಣಿದರು. ಕಾರ್ಖಾನೆಯ ದಪ್ಪ ಬೂಟ್ಸು, ಹೆಗಲಪಟ್ಟಿ, ಗಿಡ್ಡ ಷರಾಯಿ, ಕತ್ತರಿಸಿದ ಕೂದಲು: ಬಿಳಿಯ ತರುಣರ ಈ ವೇಷದಲ್ಲಿ ಕಿಂಗ್‌ಸ್ಟನ್ನಿನ ‘ರೂಡ್ ಬಾಯ್’ ಪುಂಡರ ಠೀವಿಯೂ ಬೆರೆತಿದ್ದಿತು. ಗಾಯಕ ಡೆಸ್ಮಂಡ್ ಡೆಕ್ಕರನು ತನ್ನ ಷರಾಯಿಯ ತುದಿಯನ್ನು ಕತ್ತರಿಸಿ ಗಿಡ್ಡ ಮಾಡಿಸಿದುದನ್ನು ಕಂಡು ಹುಡುಗರು ಅನುಕರಿಸಿದರೆಂದು ಹೇಳುವುದುಂಟು.

ಜಮೇಕದ ‘ಸ್ಕಾ’ ಸಂಗೀತವು 1966ರ ಸುಮಾರಿಗೆ ನಡೆ ನಿಧಾನವಾಗಿ ‘ರಾಕ್‌ಸ್ಟೆಡಿ’ಯಾಯಿತು, 1968ರ ವೇಳೆಗೆ ರೆಗೇ ಎಂಬ ಹೆಸರನ್ನು ತಾಳಿತು. ಇದರಲ್ಲಿ ಗಿಟಾರಿನ ಮಿಡಿತವು ತಾಳದ ಪೆಟ್ಟಿನ ಮೇಲೆ ಬೀಳದೆ ಎರಡು ಪೆಟ್ಟುಗಳ ನಡುವಣ ಎಡೆಯಲ್ಲಿ ಬೀಳುತ್ತದೆ. ಮಂದ್ರದ ನಾದವು ಮುಂದೆ ನಿಲ್ಲುತ್ತದೆ. ರೇಡಿಯೋದಲ್ಲಿ ಇದು ಅಪರೂಪವಾಗಿದ್ದಿತು. ತಟ್ಟೆಗಳನ್ನು ಕೊಂಡು ಇದನ್ನು ಮೇಲೆತ್ತಿದವರಲ್ಲಿ ಬೋಳುತಲೆಯವರೇ ಮುಂದು. 1969ರ ಏಪ್ರಿಲಿನಲ್ಲಿ ಡೆಕ್ಕರನ ‘ಇಸ್ರೇಲೈಟ್ಸ್’ ಬ್ರಿಟನ್ನಿನ ಮಾರಾಟದ ಪಟ್ಟಿಯಲ್ಲಿ ಮೊದಲನೆಯದಾಯಿತು. ವೆಸ್ಟ್ ಇಂಡೀಸ್ ಮೂಲದ ‘ಸಿಮಾರಿಪ್’ ತಂಡದವರಂತೂ ಈ ಅಭಿಮಾನಿಗಳಿಗಾಗಿಯೇ ‘ಸ್ಕಿನ್‌ಹೆಡ್ ಮೂನ್‌ಸ್ಟಾಂಪ್’ ಎಂಬ ಹಾಡನ್ನು ಕಟ್ಟಿದರು.

ಇಲ್ಲಿಯೇ ವಿಪರ್ಯಾಸವಿರುವುದು. ಕಪ್ಪು ಗಾಯಕರಿಗೆ ಚಪ್ಪಾಳೆ ತಟ್ಟಿದ ಗುಂಪುಗಳಲ್ಲಿಯೇ ಕೆಲವರು 1969-70ರಲ್ಲಿ ಪೂರ್ವ ಲಂಡನ್ನಿನ ಬೀದಿಗಳಲ್ಲಿ ಭಾರತ ಪಾಕಿಸ್ತಾನಗಳಿಂದ ಬಂದವರನ್ನು ಅಟ್ಟಿ ಬಡಿದರು. ಅವರ ಮೆಚ್ಚಿನ ತಟ್ಟೆಗಳನ್ನು ಹೊರತರುತ್ತಿದ್ದ, 1968ರಲ್ಲಿ ಆರಂಭವಾದ ‘ಟ್ರೋಜನ್’ ಸಂಸ್ಥೆಯ ಸ್ಥಾಪಕರಲ್ಲಿ ಒಬ್ಬನಾದ ಲೀ ಗೋಪ್ತಲನಾದರೋ ಜಮೇಕದಲ್ಲಿ ಹುಟ್ಟಿದ ಭಾರತೀಯ ವಂಶಜ! ಕುಣಿದ ಕಾಲುಗಳಿಗೆ ಈ ಸಂಗತಿ ತಿಳಿದಿದ್ದಿತೋ ಇಲ್ಲವೋ. ನೆರೆಯವನ ಹಾಡು ಹಿಡಿಸಿದ ಮಾತ್ರಕ್ಕೆ ಎಲ್ಲ ನೆರೆಯವರೂ ಹಿಡಿಸಬೇಕಾಗಿಲ್ಲವಷ್ಟೆ.

ಮುಂದೆ ರೆಗೇ ರಾಸ್ತಫಾರಿ ಮತದ ಕಡೆಗೂ ಆಫ್ರಿಕದ ಹಂಬಲಕ್ಕೂ ತಿರುಗಿತು. ಆ ಹಾಡುಗಳಲ್ಲಿ ತಮಗೆ ಸ್ಥಳವಿಲ್ಲವೆಂದು ಕಂಡ ಬಿಳಿಯ ತರುಣರು ದೂರ ಸರಿದರು. 1970ರ ದಶಕದ ಕೊನೆಗೆ ಆ ವೇಷವು ಮರಳಿ ಬಂದಾಗ, 1967ರಲ್ಲಿ ಹುಟ್ಟಿದ್ದ ‘ನ್ಯಾಷನಲ್ ಫ್ರಂಟ್’ ಪಕ್ಷವು ಅವರಲ್ಲಿ ಹಲವರನ್ನು ಬಲೆಗೆ ಹಾಕಿಕೊಂಡಿತು. ಇದಕ್ಕೆದುರಾಗಿ 1979ರಲ್ಲಿ ಕಾವೆಂಟ್ರಿಯ ಜೆರ್ರಿ ಡ್ಯಾಮರ್ಸನು ‘ಟೂ ಟೋನ್’ ಸಂಸ್ಥೆಯನ್ನು ಕಟ್ಟಿ, ಕಪ್ಪು ಬಿಳುಪಿನ ವಾದಕರನ್ನು ಒಂದೇ ವೇದಿಕೆಯ ಮೇಲೆ ನಿಲ್ಲಿಸಿದನು. ಆ ಕಚೇರಿಗಳಿಗೂ ನ್ಯಾಷನಲ್ ಫ್ರಂಟಿನ ಹುಡುಗರು ನುಗ್ಗಿ ಗಲಭೆ ಮಾಡಿದುದುಂಟು.

1987ರಲ್ಲಿ ನ್ಯೂಯಾರ್ಕಿನಲ್ಲಿ ವರ್ಣದ್ವೇಷವನ್ನು ಎದುರಿಸುವ ಬೋಳುತಲೆಯವರ ಕೂಟವೊಂದು ಹುಟ್ಟಿತು. ಈ ಚಳವಳಿಯವರು ಲಾಂಛನವಾಗಿ ಆರಿಸಿಕೊಂಡದ್ದು ಟ್ರೋಜನ್ ಸಂಸ್ಥೆಯ ಶಿರಸ್ತ್ರಾಣವನ್ನು. ಚಿತ್ರವೇನೋ ಪುರಾತನ ವೀರನದು. ಹೆಸರು ಮಾತ್ರ ಕಿಂಗ್‌ಸ್ಟನ್ನಿನ ಡ್ಯೂಕ್ ರೀಡ್ ಎಂಬವನು ಹಾಡಿನ ಸಲಕರಣೆಗಳನ್ನು ಹೇರಿಕೊಂಡು ತಿರುಗುತ್ತಿದ್ದ ಲಾರಿಯದು.